ಗುಂಡಿಯ ಲೆಕ್ಕಕ್ಕೆ ಸಿಗದ ಗುಂಡಿಗಳು

ರಸ್ತೆ ಸುರಕ್ಷತೆಯ ಸಭೆಗಳಲ್ಲಿ ಸಾಮಾನ್ಯವಾಗಿ ಸವಾರನ ತಪ್ಪುಗಳನ್ನೇ ಎಣಿಸಲಾಗುತ್ತದೆ. ಹೆಲ್ಮೆಟ್ ಹಾಕಿರಲಿಲ್ಲ, ವೇಗ ಹೆಚ್ಚಾಗಿತ್ತು, ಒಂದೇ ಬೈಕಿನಲ್ಲಿ ಮೂವರು ಕೂತಿದ್ದರು, ಕಿವಿಗೂ ಭುಜಕ್ಕೂ ನಡುವೆ ಮೊಬೈಲು ಸಿಕ್ಕಿಸಿಕೊಂಡಿದ್ದರು ಎಂದು ಪಟ್ಟಿ ಬೆಳೆಯುತ್ತದೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಮಾತುಗಳನ್ನು ನೀವು ಶಾಲೆಯ ದಿನಗಳಿಂದಲೂ ಕೇಳುತ್ತ ಬಂದಿದ್ದೀರಿ; ನಾನೂ ಅದನ್ನೇ ಹೇಳಿ ನಿಮ್ಮ ಸಂಜೆಯನ್ನು ಹಾಳು ಮಾಡುವುದಿಲ್ಲ. ಸವಾರನ ಕೆಳಗಿರುವ ನೆಲ ಅವನಿಗೆ ಏನು ಮಾಡುತ್ತದೆ ಎಂಬುದು ಇಂದಿನ ವಿಷಯ. ರಸ್ತೆ ಕಾಮಗಾರಿಗಳ ನಡುವೆಯೇ ವೃತ್ತಿ ಮುಗಿಸಿದ ಎಂಜಿನಿಯರ್ ಆಗಿ, ಇಂದಿಗೂ ಸ್ಕೂಟರಿನಲ್ಲೇ ಓಡಾಡುವವನಾಗಿ ನಾನು ಹೇಳಬೇಕಾದದ್ದು ಒಂದೇ ಮಾತು: ನಮ್ಮ ರಸ್ತೆ ಚೆನ್ನಾಗಿದೆಯೋ ಕೆಟ್ಟಿದೆಯೋ ಎಂಬುದನ್ನು ಜೀಪಿನೊಳಗೆ ಕುಳಿತವರು ತೀರ್ಮಾನಿಸುತ್ತಾರೆ, ಆ ತೀರ್ಮಾನದ ಫಲವನ್ನು ಎರಡು ಚಕ್ರದ ಮೇಲೆ ಕುಳಿತವರು ಉಣ್ಣುತ್ತಾರೆ.

ಮೊದಲು ಲೆಕ್ಕ ನೋಡೋಣ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವಾರ್ಷಿಕ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟರು; ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಅದೇ ವರದಿ ರಸ್ತೆ ಗುಂಡಿಗಳ ಖಾತೆಗೆ ಹಾಕಿರುವ ಸಾವು 1,856. ಅಂದರೆ ಒಟ್ಟು ಸಾವಿನಲ್ಲಿ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಈ ಅಂಕಿಯನ್ನು ಮುಂದಿಟ್ಟುಕೊಂಡು, ರಸ್ತೆಯ ಮೇಲ್ಮೈ ಅಷ್ಟೇನೂ ದೊಡ್ಡ ಕಾರಣವಲ್ಲ ಎಂದು ವಾದಿಸುವವರಿದ್ದಾರೆ. ಆ ಲೆಕ್ಕವನ್ನು ಬರೆಯುವ ಬಗೆಯನ್ನು ಅವರು ಒಮ್ಮೆ ಗಮನಿಸಬೇಕು. ನೀರು ತುಂಬಿದ ಗುಂಡಿಯನ್ನು ಕಡೇ ಗಳಿಗೆಯಲ್ಲಿ ಕಂಡ ಸವಾರ ಬಲಕ್ಕೆ ಹೊರಳಿಸುತ್ತಾನೆ, ಹಿಂದಿನಿಂದ ಬರುತ್ತಿದ್ದ ಬಸ್ಸಿಗೆ ಹ್ಯಾಂಡಲ್ ತಗಲುತ್ತದೆ, ಆತ ಚಕ್ರದಡಿ ಬೀಳುತ್ತಾನೆ. ಪ್ರಥಮ ವರ್ತಮಾನ ವರದಿಯಲ್ಲಿ ಬಸ್ಸಿನ ಚಾಲಕನ ಅತಿವೇಗ ಮತ್ತು ಅಜಾಗರೂಕತೆ ದಾಖಲಾಗುತ್ತದೆ. ಗುಂಡಿಗೆ ಬಸ್ಸೂ ಇಳಿದಿಲ್ಲ, ಬೈಕೂ ಇಳಿದಿಲ್ಲ. ಆದ್ದರಿಂದ ಗುಂಡಿ ಆ ಕಡತದೊಳಗೆ ಬರುವುದೇ ಇಲ್ಲ. ಇನ್ನು ತಿರುವಿನಲ್ಲಿ ಚೆಲ್ಲಿದ್ದ ಜಲ್ಲಿಯ ಮೇಲೆ ಜಾರಿ ಬಿದ್ದು ಸತ್ತವನ ಸಾವು ‘ಸೆಲ್ಫ್ ಆಕ್ಸಿಡೆಂಟ್’ ಎನಿಸಿಕೊಳ್ಳುತ್ತದೆ. ಅಲ್ಲಿ ಸತ್ತವನೇ ಆರೋಪಿ. ಆರೋಪಿ ಬದುಕಿಲ್ಲವಾದ್ದರಿಂದ ಪ್ರಕರಣವೂ ಅಲ್ಲಿಗೇ ಮುಕ್ತಾಯ. ಇಷ್ಟೆಲ್ಲ ಸೋರಿಹೋದ ಮೇಲೆ ಉಳಿದ ಲೆಕ್ಕವೇ ಸುಪ್ರೀಂ ಕೋರ್ಟನ್ನು ಕೆರಳಿಸಿತ್ತು ಎಂಬುದನ್ನು ನೆನಪಿಡಿ. 2013ರಿಂದ 2017ರವರೆಗೆ ಗುಂಡಿಗಳಿಂದ 14,926 ಮಂದಿ ಸತ್ತಿದ್ದಾರೆ ಎಂಬ ವರದಿ ಮುಂದೆ ಬಂದಾಗ, 2018ರ ಡಿಸೆಂಬರಿನಲ್ಲಿ ನ್ಯಾಯಾಲಯ ಇದನ್ನು ಒಪ್ಪಲು ಸಾಧ್ಯವೇ ಇಲ್ಲ ಎಂದಿತು.

ಒಂದೇ ದೋಷ ಕಾರಿಗೆ ಕಿರಿಕಿರಿಯಾಗಿ, ಬೈಕಿಗೆ ಪ್ರಾಣಾಂತಿಕವಾಗಿ ಪರಿಣಮಿಸುವುದೇಕೆ? ಕಾರಿನ ಒಂದು ಚಕ್ರ ಹಿಡಿತ ಕಳೆದುಕೊಂಡರೆ ಉಳಿದ ಮೂರು ಕಾರನ್ನು ಸಂಭಾಳಿಸುತ್ತವೆ. ಬೈಕಿನ ಮುಂಚಕ್ರ ಹಿಡಿತ ಕಳೆದುಕೊಂಡರೆ ಸಮತೋಲನವೇ ಹೋಗುತ್ತದೆ, ಏಕೆಂದರೆ ಆ ವಾಹನ ನೆಟ್ಟಗೆ ನಿಲ್ಲುವುದೂ ತಿರುಗುವುದೂ ಆ ಚಕ್ರದಿಂದಲೇ. ಒಂದೊಂದು ಟೈರು ನೆಲವನ್ನು ಮುಟ್ಟುವ ಜಾಗ ಒಂದು ಅಂಗೈಯಷ್ಟೂ ಇರುವುದಿಲ್ಲ. ಆ ಜಾಗದಲ್ಲಿ ಸಿಗುವ ಹಿಡಿತ ತಿಂಗಳ ಸಂಬಳವಿದ್ದ ಹಾಗೆ: ಬ್ರೇಕಿಗೆ ಖರ್ಚಾದದ್ದು ತಿರುವಿಗೆ ಉಳಿಯುವುದಿಲ್ಲ, ತಿರುವಿಗೆ ಖರ್ಚಾದದ್ದು ಬ್ರೇಕಿಗೆ ಉಳಿಯುವುದಿಲ್ಲ. ಒಣ ರಸ್ತೆಯಲ್ಲಿ ಎರಡಕ್ಕೂ ಸಾಲುವಷ್ಟು ಇರುತ್ತದೆ. ಮರಳು, ಜಲ್ಲಿ, ನೀರು, ಡೀಸೆಲ್ ಇದ್ದಲ್ಲಿ ಒಂದಕ್ಕೂ ಸಾಲುವುದಿಲ್ಲ.

ಚಕ್ರದ ಅಳತೆಯೂ ಮುಖ್ಯ. ಇಲ್ಲಿ ಕುಳಿತಿರುವ ಹೆಣ್ಣುಮಕ್ಕಳಲ್ಲಿ ಬಹುಪಾಲು ಸ್ಕೂಟರಿನವರು ಎಂದುಕೊಂಡು ಈ ಲೆಕ್ಕ ಹೇಳುತ್ತೇನೆ. ಒಂದಡಿ ಉದ್ದದ ಗುಂಡಿಯೊಂದಿದೆ ಎನ್ನಿ. ಹದಿನೆಂಟು ಇಂಚಿನ ರಿಮ್ ಇರುವ ಸಾಮಾನ್ಯ ಬೈಕಿನ ಚಕ್ರ ನಿಧಾನವಾಗಿ ಅದನ್ನು ದಾಟುವಾಗ ಸುಮಾರು 4 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಹತ್ತು ಇಂಚಿನ ರಿಮ್ ಇರುವ ಸ್ಕೂಟರಿನ ಚಕ್ರ ಅದೇ ಗುಂಡಿಯಲ್ಲಿ ಸುಮಾರು 6 ಸೆಂಟಿಮೀಟರ್ ಇಳಿಯುತ್ತದೆ, ಮತ್ತು ಎದುರಿನ ಅಂಚಿಗೆ ಇನ್ನಷ್ಟು ಕಡಿದಾದ ಕೋನದಲ್ಲಿ ಹೋಗಿ ಬಡಿಯುತ್ತದೆ. ಗಂಡ ಬೈಕಿನಲ್ಲಿ ದಾಟಿ ಬಂದ ರಸ್ತೆಯನ್ನು ‘ಏನೂ ತೊಂದರೆಯಿಲ್ಲ, ಬಾ’ ಎಂದು ಹೇಳಿದಾಗ, ಅದೇ ರಸ್ತೆ ಹೆಂಡತಿಯ ಸ್ಕೂಟರಿಗೆ ಅದೇ ರಸ್ತೆಯಾಗಿರುವುದಿಲ್ಲ.

ಈಗ ಗುಂಡಿ ಹುಟ್ಟುವ ಬಗೆಗೆ ಬರುತ್ತೇನೆ. ಡಾಂಬರು ಜಲ್ಲಿಯನ್ನು ಅಂಟಿಸಿ ಹಿಡಿದಿರುತ್ತದೆ. ನಮ್ಮ ಕಡೆಯ ಜಲ್ಲಿ ಬಹುತೇಕ ಗ್ರಾನೈಟ್ ಜಾತಿಯ ಕಲ್ಲಿನದು. ಆ ಕಲ್ಲಿಗೆ ಡಾಂಬರಿಗಿಂತ ನೀರಿನ ಮೇಲೇ ಒಲವು ಹೆಚ್ಚು. ಸಣ್ಣ ಬಿರುಕಿನೊಳಗೆ ನೀರು ಇಳಿದರೆ ಡಾಂಬರು ಕಲ್ಲನ್ನು ಬಿಡಲಾರಂಭಿಸುತ್ತದೆ. ಮೇಲೆ ಲಾರಿಯ ಚಕ್ರ ಹಾದಾಗಲೆಲ್ಲ ಒಳಗಿನ ನೀರು ಒತ್ತಡಕ್ಕೆ ಸಿಕ್ಕಿ ಸಣ್ಣ ಕಣಗಳನ್ನು ಹೊರಗೆ ಚಿಮ್ಮಿಸುತ್ತದೆ. ಮಳೆ ನಿಂತ ಮಾರನೆಯ ದಿನ ಬಿರುಕಿನ ಸುತ್ತ ಬಿಳಿಯ ಕೆಸರಿನ ಗೆರೆಯನ್ನು ಕಂಡಿದ್ದೀರಾದರೆ, ಅದು ರಸ್ತೆಯ ಹೊಟ್ಟೆಯಿಂದ ಹೊರಬಂದ ಪುಡಿ. ಆಗ ಒಂದು ಡಬ್ಬ ಡಾಂಬರಿನಲ್ಲಿ ಬಿರುಕು ಮುಚ್ಚಬಹುದು. ಎರಡು ವಾರ ಬಿಟ್ಟರೆ ಅಲ್ಲಿ ಗುಂಡಿ ಇರುತ್ತದೆ. ಹಾಗಾಗಿ ಗುಂಡಿಯ ನಿಜವಾದ ಶತ್ರು ಡಾಂಬರಲ್ಲ, ಚರಂಡಿ. ನೀರು ಹರಿದುಹೋಗಲೆಂದು ರಸ್ತೆಗೆ ನಡುವಿನಿಂದ ಅಂಚಿಗೆ ನೂರಕ್ಕೆ ಎರಡು, ಎರಡೂವರೆಯಷ್ಟು ಇಳಿಜಾರು ಕೊಡುತ್ತೇವೆ. ಆದರೆ ಅಂಚಿನಲ್ಲಿ ಚರಂಡಿ ಹೂಳು ತುಂಬಿದ್ದರೆ ಆ ನೀರೆಲ್ಲ ಅಲ್ಲೇ ನಿಲ್ಲುತ್ತದೆ. ಎಡ ಅಂಚಿನಲ್ಲೇ ಗುಂಡಿಗಳು ಮೊದಲು ಕಾಣಿಸಿಕೊಳ್ಳುವುದು ಇದರಿಂದಾಗಿ.

ಇಲ್ಲಿ ಒಂದು ವಿಪರೀತವನ್ನು ಗಮನಿಸಿ. ದ್ವಿಚಕ್ರದವರಿಗೆ ನಾವು ಕೊಡುವ ಮೊದಲ ಉಪದೇಶವೇ ‘ಎಡಕ್ಕೆ ಹೋಗು’. ಹಿಂದಿನ ಕಾರಿನವನು ಹಾರ್ನ್ ಹೊಡೆದು ಹೇಳುವುದೂ ಅದನ್ನೇ. ಆದರೆ ನೀರು ನಿಲ್ಲುವುದು ಎಡಕ್ಕೆ, ಮರಳು ಕೂಡುವುದು ಎಡಕ್ಕೆ, ಮ್ಯಾನ್‌ಹೋಲ್ ಮುಚ್ಚಳ, ಚರಂಡಿಯ ಕಂಬಿ ಜಾಲರಿ, ಪೈಪ್‌ಲೈನಿಗಾಗಿ ಅಗೆದು ಮಣ್ಣು ಮುಚ್ಚಿದ ಉದ್ದನೆಯ ಗೆರೆ, ಮನೆ ಕಟ್ಟುವವರು ಸುರಿದ ಎಂ-ಸ್ಯಾಂಡ್, ಇವೆಲ್ಲವೂ ಎಡಕ್ಕೇ. ನಾಲ್ಕು ಚಕ್ರದವರಿಗೆ ಚೊಕ್ಕಟವಾದ ನಡುಭಾಗವನ್ನು ಬಿಟ್ಟುಕೊಟ್ಟು, ರಸ್ತೆಯ ಅತ್ಯಂತ ಕೆಟ್ಟ ಮೂರಡಿಯಲ್ಲಿ ಹೋಗಿರೆಂದು ಅತ್ಯಂತ ದುರ್ಬಲವಾದ ವಾಹನಕ್ಕೆ ಹೇಳುತ್ತಿದ್ದೇವೆ. ರಾಜ್ಯದಲ್ಲಿ ನೋಂದಣಿಯಾಗಿರುವ ವಾಹನಗಳಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ದ್ವಿಚಕ್ರಗಳೇ ಇರುವಾಗ, ಆ ಮೂರಡಿಯೇ ನಿಜವಾದ ಹೆದ್ದಾರಿ ಎಂದು ನಾನು ಭಾವಿಸುತ್ತೇನೆ.

ಗುಂಡಿ ಎನಿಸಿಕೊಳ್ಳದ ದೋಷಗಳ ವಿಚಾರಕ್ಕೆ ಈಗ ಬರಬಹುದು. ಅವುಗಳಲ್ಲಿ ಅತ್ಯಂತ ಅಪಾಯಕಾರಿ ಎಂದು ನಾನು ಹೇಳುವುದು ರಸ್ತೆಯ ಅಂಚಿನ ಇಳಿಕೆಯನ್ನು. ಹಳೆಯ ರಸ್ತೆಯ ಮೇಲೆ ಹೊಸ ಡಾಂಬರು ಹಾಕುವಾಗ ಪ್ರತಿ ಬಾರಿಯೂ ಸುಮಾರು 3ರಿಂದ 4 ಸೆಂಟಿಮೀಟರ್ ಎತ್ತರ ಕೂಡುತ್ತದೆ. ಪಕ್ಕದ ಮಣ್ಣನ್ನೂ ಅಷ್ಟೇ ಎತ್ತರಿಸಿ ಗಟ್ಟಿಮಾಡಬೇಕು, ಅದು ಗುತ್ತಿಗೆಯಲ್ಲೇ ಇರುತ್ತದೆ. ಆದರೆ ಉದ್ಘಾಟನೆಯ ದಿನ ಯಾರೂ ಮಣ್ಣನ್ನು ನೋಡುವುದಿಲ್ಲ. ಮೂರು ಬಾರಿ ಹೀಗಾದರೆ ಅರ್ಧ ಗೇಣಿನ ಮೆಟ್ಟಿಲು ಸಿದ್ಧವಾಗುತ್ತದೆ. ಈಗ ಬೇಲೂರು ರಸ್ತೆಯಂಥ, ಎರಡು ಪಥದ ರಸ್ತೆಯೊಂದರಲ್ಲಿ ಎದುರಿನಿಂದ ಬಸ್ಸೊಂದು ಲಾರಿಯನ್ನು ಹಿಂದಿಕ್ಕಿ ಬರುತ್ತಿದೆ. ಬೈಕಿನವನು ಜೀವ ಉಳಿಸಿಕೊಳ್ಳಲು ಮಣ್ಣಿಗಿಳಿಯುತ್ತಾನೆ. ಇಳಿಯುವಾಗ ಅಂಥ ತೊಂದರೆಯಾಗುವುದಿಲ್ಲ. ಬಸ್ಸು ಹೋದ ಮೇಲೆ, ವೇಗ ಪೂರ್ತಿ ತಗ್ಗಿಸದೆ, ರಸ್ತೆಗೆ ಹೆಚ್ಚುಕಡಿಮೆ ಸಮಾಂತರವಾಗಿ ಸಾಗುತ್ತಲೇ ಹ್ಯಾಂಡಲನ್ನು ತುಸು ಬಲಕ್ಕೆ ಎಳೆಯುತ್ತಾನೆ. ಮುಂಚಕ್ರದ ಪಕ್ಕೆ ಡಾಂಬರಿನ ಗೋಡೆಗೆ ಉಜ್ಜುತ್ತದೆ, ಹತ್ತುವುದಿಲ್ಲ. ಆತ ಇನ್ನಷ್ಟು ಎಳೆಯುತ್ತಾನೆ. ಚಕ್ರ ಗೋಡೆಗುಂಟ ಜಾರುತ್ತಿದೆ, ದೇಹ ಆಗಲೇ ಬಲಕ್ಕೆ ವಾಲಿದೆ, ವಾಲಿದ ದೇಹದ ಕೆಳಗೆ ಬರಬೇಕಾದ ಚಕ್ರ ಬರುತ್ತಿಲ್ಲ. ಬೈಕು ಬಲಕ್ಕೆ, ರಸ್ತೆಯ ಮೇಲಕ್ಕೇ ಬೀಳುತ್ತದೆ, ಹಿಂದೆ ಬರುವ ವಾಹನದ ಎದುರಿಗೆ. ಹಾಗೂ ಚಕ್ರ ಹತ್ತಿತು ಎನ್ನಿ, ಆಗ ಎಳೆದ ಹ್ಯಾಂಡಲ್ ಒಮ್ಮೆಲೇ ಬಿಡುಗಡೆಯಾಗಿ ಬೈಕು ಎದುರು ಪಥಕ್ಕೆ ನುಗ್ಗುತ್ತದೆ. ನೋಡಿದವರೆಲ್ಲ ‘ಕುಡಿದಿದ್ದ ಅಂತ ಕಾಣುತ್ತೆ’ ಎನ್ನುತ್ತಾರೆ. ಇಂಥ ಪರಿಸ್ಥಿತಿಯಲ್ಲಿ ಸಿಕ್ಕಿಕೊಂಡವರು ಮಣ್ಣಿನಲ್ಲೇ ನೇರವಾಗಿ ಸಾಗಿ, ನಡೆಯುವ ವೇಗಕ್ಕೆ ಬಂದು, ಹಿಂದೆ ನೋಡಿ, ಅಂಚಿಗೆ ಸಾಧ್ಯವಾದಷ್ಟು ನೇರ ಕೋನದಲ್ಲಿ ಚಕ್ರವನ್ನು ತಂದು ಹತ್ತಿಸಬೇಕು. ಸ್ಕೂಟರಿನವರು ಇಳಿದು ದೂಡಿದರೂ ಅವಮಾನವಿಲ್ಲ.

ಇದೇ ತತ್ತ್ವ ಉದ್ದುದ್ದ ಇರುವ ಎಲ್ಲ ಗೆರೆಗಳಿಗೂ ಅನ್ವಯಿಸುತ್ತದೆ. ಕಾಂಕ್ರೀಟ್ ರಸ್ತೆಯ ಎರಡು ಪಥಗಳ ನಡುವಿನ ಸಂದು, ಅರ್ಧ ರಸ್ತೆಗೆ ಮಾತ್ರ ಹೊಸ ಡಾಂಬರು ಹಾಕಿ ಬಿಟ್ಟ ಏಣು, ಕೇಬಲ್ಲಿಗಾಗಿ ಅಗೆದು ಕುಸಿದ ಸಾಲು, ಓರೆಯಾಗಿ ಹಾದುಹೋಗುವ ರೈಲು ಹಳಿ: ಇವು ಕಾರಿನ ಚಾಲಕನಿಗೆ ಕಾಣುವುದೂ ಇಲ್ಲ. ಬೈಕಿನ ಟೈರು ಮಾತ್ರ ಅವುಗಳ ಜೊತೆ ಸಾಗಿಬಿಡುತ್ತದೆ. ಅಡ್ಡಲಾಗಿರುವ ದೋಷ ಎತ್ತಿಹಾಕುತ್ತದೆ, ಉದ್ದಕ್ಕಿರುವ ದೋಷ ಬೀಳಿಸುತ್ತದೆ ಎಂಬುದನ್ನು ನನ್ನ ಕಿರಿಯ ಎಂಜಿನಿಯರುಗಳಿಗೆ ಹೇಳುತ್ತಿದ್ದೆ. ಅಳತೆ ಪುಸ್ತಕದಲ್ಲಿ ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ.

ಮಳೆಯಲ್ಲಿ ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ, ಸೇತುವೆಯ ಉಕ್ಕಿನ ಸಂದು, ಜೀಬ್ರಾ ದಾಟಿನ ದಪ್ಪ ಬಣ್ಣ ಜಾರುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಅವುಗಳ ಮೇಲೆ ಬ್ರೇಕೂ ಬೇಡ, ತಿರುವೂ ಬೇಡ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ವರ್ಷದ ಮೊದಲ ಮಳೆಯ ಬಗ್ಗೆ ಮಾತ್ರ ಒಂದು ಮಾತು. ಬೇಸಿಗೆಯುದ್ದಕ್ಕೂ ಸೋರಿದ ಎಣ್ಣೆ, ಟೈರಿನ ಪುಡಿ, ಧೂಳು ಎಲ್ಲವೂ ಮೊದಲ ಹತ್ತಿಪ್ಪತ್ತು ನಿಮಿಷದ ತುಂತುರಿನಲ್ಲಿ ಲೋಳೆಯಾಗಿ ಮೇಲೇಳುತ್ತದೆ. ಜೋರು ಮಳೆ ಅದನ್ನು ತೊಳೆದುಬಿಡುತ್ತದೆ, ತುಂತುರು ತೊಳೆಯುವುದಿಲ್ಲ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ನಾಲ್ಕು ಹನಿ ಬಿದ್ದಾಗ ಹತ್ತು ನಿಮಿಷ ಟೀ ಅಂಗಡಿಯಲ್ಲಿ ನಿಲ್ಲುವುದು ಸೋಮಾರಿತನವಲ್ಲ.

ಹಾಸನ ಜಿಲ್ಲೆಯಲ್ಲಿ ಮಲೆನಾಡೂ ಇದೆ, ಬಯಲುಸೀಮೆಯೂ ಇದೆ. ಆದ್ದರಿಂದ ಎರಡೂ ಬಗೆಯ ಅಪಾಯ ನಿಮ್ಮ ಪಾಲಿಗಿದೆ. ಸಕಲೇಶಪುರದ ಕಡೆಯವರಿಗೆ ಹಾವಸೆ ಹೊಸತಲ್ಲ. ತೋಟದ ನೆರಳಿನ ರಸ್ತೆಗಳಲ್ಲಿ ವಾಹನದ ಚಕ್ರ ಓಡಾಡದ ನಡುಭಾಗ ಮತ್ತು ಅಂಚು ಜುಲೈ ಹೊತ್ತಿಗೆ ಹಸಿರಾಗಿರುತ್ತವೆ, ಎದುರಿನಿಂದ ಜೀಪು ಬಂದಾಗ ನೀವು ಸರಿಯಬೇಕಾದದ್ದು ಆ ಹಸಿರಿನ ಮೇಲಕ್ಕೇ. ಶಿರಾಡಿ ಘಾಟಿಯ ಕಾಂಕ್ರೀಟಿನಲ್ಲಿ ಗುಂಡಿ ಕಡಿಮೆ, ಆದರೆ ಘಾಟಿಗಳ ಕಡಿದಾದ ತಿರುವುಗಳಲ್ಲಿ ಟ್ಯಾಂಕ್ ತುಂಬಿಸಿಕೊಂಡ ಲಾರಿಗಳಿಂದ ಡೀಸೆಲ್ ತುಳುಕುತ್ತದೆ. ಒದ್ದೆ ನೆಲದ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡರೆ ಅದೇ. ಕಣ್ಣಿಗಿಂತ ಮೊದಲೇ ಮೂಗಿಗೆ ತಿಳಿಯುವುದೂ ಉಂಟು. ವಾಸನೆ ಬಂದ ಕೂಡಲೇ ವೇಗ ಇಳಿಸಿ.

ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯವರಿಗೆ ಒಕ್ಕಣೆ. ರಾಗಿ ತೆನೆಯನ್ನೂ ಹುರುಳಿ ಸೊಪ್ಪನ್ನೂ ರಸ್ತೆಯ ಮೇಲೆ ಹರಡಿ, ವಾಹನಗಳೇ ತುಳಿಯಲೆಂದು ಬಿಡುವ ಪದ್ಧತಿಯನ್ನು ತಡೆಯಲು ಸುಗ್ಗಿಯ ಕಾಲದಲ್ಲಿ ಎಚ್ಚರಿಕೆಗಳು ಹೊರಡುತ್ತವೆ, ಪದ್ಧತಿ ನಿಂತಿಲ್ಲ. ಕಣ ಮಾಡುವವರ ಕಷ್ಟವೂ ನನಗೆ ತಿಳಿದಿದೆ. ಸಗಣಿ ಸಾರಿಸಿ, ರೋಣಗಲ್ಲು ಉರುಳಿಸಿ ಒಕ್ಕುವಷ್ಟು ಆಳೂ ಇಲ್ಲ, ಎತ್ತೂ ಇಲ್ಲ. ಆದರೆ ಒಣ ಹುಲ್ಲಿನ ಕೆಳಗೆ ಉದುರಿದ ಕಾಳು ಗುಂಡಗಿರುತ್ತದೆ. ಮೇಲಿನ ಹುಲ್ಲು ಟೈರಿಗೆ ಅಂಟಿ ಜಾರುತ್ತದೆ, ಕೆಳಗಿನ ಕಾಳು ಉರುಳುತ್ತದೆ. ಅಲ್ಲಿ ಬ್ರೇಕ್ ಹಿಡಿದವರು ಬೀಳುತ್ತಾರೆ, ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇದ್ದರೂ ಬೈಕು ನಿಲ್ಲಲು ಬಹಳ ದೂರ ಬೇಕಾಗುತ್ತದೆ. ಗುಪ್ಪೆಯನ್ನು ಕಾಯಲು ಸುತ್ತ ಇಟ್ಟ ಕಲ್ಲುಗಳನ್ನು ಸಂಜೆ ಹುಲ್ಲು ಎತ್ತಿಕೊಂಡು ಹೋಗುವಾಗ ಮರೆತು ಬಿಟ್ಟು ಹೋಗುತ್ತಾರೆ. ರಾತ್ರಿ ಬರುವ ಸವಾರನಿಗೆ ಹುಲ್ಲಿಗಿಂತ ಆ ಕಲ್ಲೇ ಕಂಟಕ. ಈ ಸಭೆಯಲ್ಲಿರುವ ರೈತರಲ್ಲಿ ನನ್ನ ಬೇಡಿಕೆ ಚಿಕ್ಕದು: ಒಕ್ಕಣೆ ಬಿಡಲಾಗದಿದ್ದರೆ ಕನಿಷ್ಠ ತಿರುವಿನಲ್ಲಿ ಹಾಕಬೇಡಿ, ಕಲ್ಲಿಡಬೇಡಿ, ಕತ್ತಲಾಗುವ ಮುಂಚೆ ಗುಡಿಸಿ ತೆಗೆಯಿರಿ.

ಇನ್ನು ಹಂಪುಗಳು. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯಂತೆ ಸಾಮಾನ್ಯ ವಾಹನ ಸಂಚಾರಕ್ಕೆ ರಸ್ತೆ ಉಬ್ಬು 3.7 ಮೀಟರ್ ಅಗಲವಿರಬೇಕು, ನಡುವಿನಲ್ಲಿ 10 ಸೆಂಟಿಮೀಟರ್ ಎತ್ತರವಿರಬೇಕು, ಅದರ ಬಾಗು 17 ಮೀಟರ್ ತ್ರಿಜ್ಯದ್ದಾಗಿರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋದವರಿಗೆ ಅದು ತೊಂದರೆ ಕೊಡದು. ನಮ್ಮಲ್ಲಿ ಕಾಣುವುದು ಎರಡಡಿ ಅಗಲದ, ಬದುವಿನಂಥ ದಿಬ್ಬ. ಬಹಳಷ್ಟು ಊರುಗಳಲ್ಲಿ ಅದನ್ನು ಯಾವ ಇಲಾಖೆಯೂ ಹಾಕಿರುವುದಿಲ್ಲ. ಶಾಲೆಯ ಮುಂದೆ ಮಗುವೊಂದು ಸತ್ತ ರಾತ್ರಿ ಊರಿನವರೇ ಹಾಕಿರುತ್ತಾರೆ, ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಆದರೆ ಫಲಕವಿಲ್ಲದ, ಬಣ್ಣ ಮಾಸಿದ, ದೀಪವಿಲ್ಲದ ಹಂಪು ಮುಂದಿನ ಸಾವಿಗೆ ಕಾದು ಕೂತಿರುತ್ತದೆ. ಪೇಟೆಗಳಲ್ಲಿ ಬೋಲ್ಟ್ ಹೊಡೆದು ಕೂರಿಸುವ ಪ್ಲಾಸ್ಟಿಕ್ ಹಂಪುಗಳ ಕತೆ ಬೇರೆಯೇ. ಕೆಲವು ತಿಂಗಳಲ್ಲಿ ತುಂಡುಗಳು ಕಿತ್ತುಹೋಗಿ, ಬೋಲ್ಟುಗಳು ಮಾತ್ರ ಬೆರಳುದ್ದ ಮೇಲೆದ್ದು ನಿಂತಿರುತ್ತವೆ.

ಹಂಪಿನಲ್ಲಿ ಹೆಚ್ಚಾಗಿ ಬೀಳುವುದು ಹಿಂದೆ ಕುಳಿತವರು. ಸವಾರನ ಕೈಯಲ್ಲಿ ಹ್ಯಾಂಡಲ್ ಇರುತ್ತದೆ, ಮುಂದೇನು ಬರುತ್ತದೆಂದು ಕಾಣುತ್ತದೆ. ಒಂದೇ ಕಡೆ ಕಾಲು ಹಾಕಿ, ಮಡಿಲಲ್ಲಿ ಮಗುವನ್ನೋ ಚೀಲವನ್ನೋ ಹಿಡಿದು ಕುಳಿತ ತಾಯಿಗೆ ಎರಡೂ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಂತೆ ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡಲು ಜಾಗ, ಬಟ್ಟೆ ಸಿಕ್ಕದಂತೆ ಹಿಂಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಕಡ್ಡಾಯ. ಅಂದಕ್ಕೆಂದು ಸೀರೆ ಗಾರ್ಡ್ ಬಿಚ್ಚಿಸುವ ಹುಡುಗರು ಇಲ್ಲಿದ್ದರೆ, ಅಮ್ಮನನ್ನು ಕೂರಿಸಿಕೊಳ್ಳುವ ಮುನ್ನ ಅದನ್ನು ಮತ್ತೆ ಹಾಕಿಸಿ. ಎರಡೂ ಕಡೆ ಕಾಲು ಹಾಕಿ ಕೂರುವುದೇ ಕ್ಷೇಮ ಎಂದು ಹಿರಿಯರಿಗೆ ಹೇಳಲು ಸಂಕೋಚಪಡಬೇಡಿ.

ದುರಸ್ತಿಯ ಬಗ್ಗೆ ಹೇಳದಿದ್ದರೆ ನನ್ನ ವೃತ್ತಿಗೆ ದ್ರೋಹ ಬಗೆದಂತಾಗುತ್ತದೆ. ಗುಂಡಿಗೆ ತೇಪೆ ಹಾಕುವ ಕ್ರಮ ಕಷ್ಟದ್ದೇನಲ್ಲ. ಗುಂಡಿಯ ಸುತ್ತ ಗಟ್ಟಿ ರಸ್ತೆ ಸಿಗುವವರೆಗೆ ಚೌಕಾಕಾರದಲ್ಲಿ ಗೆರೆ ಹಾಕಬೇಕು, ಆ ಗೆರೆಗುಂಟ ಬದಿಗಳು ನೆಟ್ಟಗಿರುವಂತೆ ಕತ್ತರಿಸಬೇಕು, ಸಡಿಲವಾದದ್ದನ್ನೆಲ್ಲ ತೆಗೆದು ಒಣಗಿಸಬೇಕು, ತಳಕ್ಕೂ ಬದಿಗಳಿಗೂ ತೆಳುವಾಗಿ ಡಾಂಬರು ಬಳಿಯಬೇಕು, ಬಿಸಿ ಮಿಶ್ರಣವನ್ನು ಪದರ ಪದರವಾಗಿ ಹಾಕಿ ಒತ್ತಬೇಕು. ಮಿಶ್ರಣ ಘಟಕದಿಂದ ಹೊರಡುವಾಗ ಸುಮಾರು 150 ಡಿಗ್ರಿ ಇರುತ್ತದೆ. ಅದು 90 ಡಿಗ್ರಿಗೆ ಇಳಿಯುವುದರೊಳಗೆ ರೋಲರ್ ಕೆಲಸ ಮುಗಿಯಬೇಕು. ನೀವು ನೋಡುವುದೇನು? ಟಾರ್ಪಾಲು ಮುಚ್ಚದ ಟ್ರ್ಯಾಕ್ಟರಿನಲ್ಲಿ ಬಂದು ಆರಿದ ಮಿಶ್ರಣವನ್ನು ನೀರು ನಿಂತ ಗುಂಡಿಗೇ ಸುರಿದು, ಸಲಿಕೆಯ ಬೆನ್ನಿನಿಂದ ತಟ್ಟಿ ಹೋಗುವುದು. ಅದಕ್ಕಿಂತ ಕೆಟ್ಟದ್ದೆಂದರೆ ಬರಿಯ ಜಲ್ಲಿ ಮತ್ತು ಮಣ್ಣು ತುಂಬುವುದು. ನಾಲ್ಕು ದಿನದಲ್ಲಿ ಕಾರು, ಬಸ್ಸುಗಳ ಚಕ್ರ ಆ ಜಲ್ಲಿಯನ್ನು ಎರಚಿ ಸುತ್ತಲಿನ ಒಳ್ಳೆಯ ರಸ್ತೆಯ ಮೇಲೆ ಹರಡುತ್ತದೆ. ಮೊದಲು ಒಂದಡಿಯ ಗುಂಡಿಯಿತ್ತು, ಸವಾರ ತಪ್ಪಿಸಿಕೊಳ್ಳಬಹುದಿತ್ತು. ಈಗ ಗುಂಡಿಯೂ ಇದೆ, ಅದರ ಸುತ್ತ ಹತ್ತಡಿ ಜಾರುವ ನೆಲವೂ ಇದೆ. ಕಡತದಲ್ಲಿ ಮಾತ್ರ ಗುಂಡಿ ಮುಚ್ಚಿದೆ.

ಇಲ್ಲಿ ಒಂದು ಉಪಕತೆ. ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರು 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ದೊಡ್ಡ ಗುಂಡಿಯೊಂದರಲ್ಲಿ ಮೊಸಳೆಯ ಪ್ರತಿಕೃತಿಯನ್ನು ಮಲಗಿಸಿದ್ದು, 2019ರಲ್ಲಿ ಹೇರೋಹಳ್ಳಿಯ ಹಾಳಾದ ರಸ್ತೆಯಲ್ಲಿ ನಟರೊಬ್ಬರಿಗೆ ಗಗನಯಾತ್ರಿಯ ವೇಷ ತೊಡಿಸಿ ಚಂದ್ರನ ಮೇಲಿನ ನಡಿಗೆಯಂಥ ವಿಡಿಯೊ ಮಾಡಿದ್ದು ನಿಮಗೆ ನೆನಪಿರಬಹುದು. ದುರಸ್ತಿಗೆ ಜನ ಓಡೋಡಿ ಬಂದರು. ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಮೊಸಳೆ ಮಲಗುವಷ್ಟು ದೊಡ್ಡ ಗುಂಡಿ ಕಾರಿಗೂ ಕಾಣುತ್ತದೆ, ಕ್ಯಾಮೆರಾಕ್ಕೂ ಕಾಣುತ್ತದೆ. ಅಂಚಿನ ಅರ್ಧ ಗೇಣಿನ ಇಳಿಕೆಯ ಚಿತ್ರ ಯಾವ ಪತ್ರಿಕೆಯಲ್ಲಿ ಬರುತ್ತದೆ ಹೇಳಿ.

ಸವಾರರು ಮಾಡಬಹುದಾದದ್ದನ್ನು ಚುಟುಕಾಗಿ ಹೇಳುತ್ತೇನೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಗುಂಡಿ ಕಂಡು ಬ್ರೇಕ್ ಹಿಡಿಯಲು ಒಂದೂವರೆ ಸೆಕೆಂಡು ಬೇಕೆಂದುಕೊಂಡರೆ, ಅಷ್ಟರಲ್ಲೇ 25 ಮೀಟರ್ ಸಾಗಿರುತ್ತೀರಿ. ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 23 ಮೀಟರ್ ಬೇಕು. ಸಾಮಾನ್ಯ ಬೈಕಿನ ಡಿಮ್ ದೀಪದಲ್ಲಿ ರಸ್ತೆಯ ಮೇಲ್ಮೈ ಅಷ್ಟು ದೂರ ಸ್ಪಷ್ಟವಾಗಿ ಕಾಣುವುದಿಲ್ಲ. ವೇಗ 40ಕ್ಕೆ ಇಳಿದರೆ ಒಟ್ಟು 27 ಮೀಟರಿನಲ್ಲಿ ನಿಲ್ಲಬಹುದು. ಕತ್ತಲಲ್ಲಿ ಗೊತ್ತಿಲ್ಲದ ರಸ್ತೆಗೆ 40 ಎನ್ನುವುದು ಈ ಲೆಕ್ಕದಿಂದಲೇ. ಗುಂಡಿ ತಪ್ಪಿಸಲಾಗದಿದ್ದರೆ ಅದಕ್ಕೆ ಮುಂಚೆಯೇ ಬ್ರೇಕ್ ಹಿಡಿದು, ಚಕ್ರ ಇಳಿಯುವ ಹೊತ್ತಿಗೆ ಬ್ರೇಕ್ ಬಿಟ್ಟುಬಿಡಿ. ಬ್ರೇಕ್ ಹಿಡಿದೇ ಇದ್ದರೆ ಮುಂದಿನ ಶಾಕ್ ಅಬ್ಸಾರ್ಬರ್ ಆಗಲೇ ಕುಗ್ಗಿ ಕುಳಿತಿರುವುದರಿಂದ ಹೊಡೆತ ನೇರವಾಗಿ ಹ್ಯಾಂಡಲಿಗೆ ಬರುತ್ತದೆ. ಹ್ಯಾಂಡಲ್ ನೆಟ್ಟಗಿರಲಿ, ಪೃಷ್ಠ ಸೀಟಿನಿಂದ ತುಸು ಮೇಲಿರಲಿ, ಕಣ್ಣು ಗುಂಡಿಯ ಮೇಲಲ್ಲ, ಅದರಾಚೆಯ ದಾರಿಯ ಮೇಲಿರಲಿ. ನೋಡಿದ ಕಡೆಗೇ ಬೈಕು ಹೋಗುತ್ತದೆ. ಲಾರಿಯ ಬಾಲಕ್ಕೆ ಅಂಟಿಕೊಂಡು ಹೋಗಬೇಡಿ. ಅದರ ಹೊಟ್ಟೆಯಡಿಯಿಂದ ಗುಂಡಿ ಹೊರಬರುವಾಗ ನಿಮಗೆ ಸಮಯವೇ ಇರುವುದಿಲ್ಲ. ಹೆಲ್ಮೆಟ್ಟಿನ ಬಗ್ಗೆ ಉಪದೇಶ ಮಾಡುವುದಿಲ್ಲ ಎಂದೆ; ಒಂದು ಅಂಕಿ ಮಾತ್ರ ಕೊಡುತ್ತೇನೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹೆಲ್ಮೆಟ್ ಸಾವಿನ ಸಂಭವವನ್ನು ನೂರಕ್ಕೆ 42ರಷ್ಟು, ತಲೆಗೆ ಪೆಟ್ಟಾಗುವ ಸಂಭವವನ್ನು 69ರಷ್ಟು ತಗ್ಗಿಸುತ್ತದೆ. ಪಟ್ಟಿ ಬಿಗಿಯದ ಹೆಲ್ಮೆಟ್ ಈ ಲೆಕ್ಕದಲ್ಲಿಲ್ಲ, ಏಕೆಂದರೆ ಅದು ನಿಮಗಿಂತ ಮೊದಲೇ ಹಾರಿ ಬಿದ್ದಿರುತ್ತದೆ.

ಕಡೆಯದಾಗಿ ಕಾನೂನು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಎಂಬ ಕಲಮನ್ನು ಸೇರಿಸಲಾಯಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ, ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಒಂದು ಜೀವಕ್ಕೆ ಒಂದು ಲಕ್ಷವೇ ಎಂದು ನೀವು ಕೇಳಬಹುದು, ಆ ಕೋಪ ಸರಿಯೇ. ಆದರೆ ಆ ಕಲಮಿನಲ್ಲಿ ದಂಡಕ್ಕಿಂತ ಬೆಲೆಬಾಳುವ ಭಾಗವೊಂದಿದೆ. ನ್ಯಾಯಾಲಯ ಏನೇನನ್ನು ಗಮನಿಸಬೇಕೆಂದು ಅದು ಹೇಳುತ್ತದೆ: ಆ ರಸ್ತೆಯಲ್ಲಿ ಎಂಥ ವಾಹನಗಳ ಸಂಚಾರ ನಿರೀಕ್ಷಿತವಾಗಿತ್ತು, ಅಪಾಯವಿರುವುದು ಪ್ರಾಧಿಕಾರಕ್ಕೆ ತಿಳಿದಿತ್ತೇ ಅಥವಾ ತಿಳಿದಿರಬೇಕಿತ್ತೇ, ಎಚ್ಚರಿಕೆಯ ಫಲಕ ಹಾಕಲಾಗಿತ್ತೇ. ಮೊದಲನೆಯ ಅಂಶದಿಂದ, ದ್ವಿಚಕ್ರಗಳೇ ಹೆಚ್ಚಿರುವ ರಸ್ತೆಯನ್ನು ದ್ವಿಚಕ್ರದ ಅಳತೆಯಲ್ಲೇ ಅಳೆಯಬೇಕೆಂದು ವಾದಿಸಲು ದಾರಿಯಿದೆ. ಎರಡನೆಯ ಅಂಶದಿಂದ, ನೀವು ಮೊದಲೇ ಕೊಟ್ಟ ಒಂದು ಲಿಖಿತ ದೂರಿಗೆ ಬೆಲೆ ಬರುತ್ತದೆ, ಏಕೆಂದರೆ ‘ನಮಗೆ ಗೊತ್ತೇ ಇರಲಿಲ್ಲ’ ಎನ್ನುವ ಉತ್ತರವನ್ನು ಅದು ಮುಚ್ಚಿಬಿಡುತ್ತದೆ. ನಮ್ಮ ಹೈಕೋರ್ಟ್ ಕೂಡ 2019ರಲ್ಲಿ, ಬೆಂಗಳೂರಿನ ಗುಂಡಿಗಳ ಕುರಿತ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ, ಸುಸ್ಥಿತಿಯ ರಸ್ತೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿದೆ.

ಹಾಗಾದರೆ ದೂರು ಯಾರಿಗೆ? ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ನೋಡಿ. ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, 1033ಕ್ಕೂ ಕರೆ ಮಾಡಬಹುದು. ಹಸಿರಾದರೆ ರಾಜ್ಯ ಹೆದ್ದಾರಿ, ಲೋಕೋಪಯೋಗಿ ಇಲಾಖೆಗೆ ಸೇರಿದ್ದು. ಕಿತ್ತಳೆಯಾದರೆ ಗ್ರಾಮೀಣ ರಸ್ತೆ. ದೂರಿನಲ್ಲಿ ‘ರಸ್ತೆ ಕೆಟ್ಟಿದೆ’ ಎಂದು ಬರೆಯಬೇಡಿ. ಎಡ ಅಂಚಿನಲ್ಲಿ ಇಷ್ಟು ಉದ್ದಕ್ಕೆ ಇಷ್ಟು ಸೆಂಟಿಮೀಟರ್ ಇಳಿಕೆಯಿದೆ, ದ್ವಿಚಕ್ರ ಸವಾರರು ಬೀಳುತ್ತಿದ್ದಾರೆ ಎಂದು ಬರೆಯಿರಿ, ಸ್ವೀಕೃತಿ ಪಡೆಯಿರಿ. ಅಪಘಾತವೇ ಆಗಿಬಿಟ್ಟಿದ್ದರೆ, ಗಾಯಾಳುವನ್ನು ಆಸ್ಪತ್ರೆಗೆ ಕಳುಹಿಸಿದ ಮೇಲೆ ಅಲ್ಲೇ ನಿಂತು ಚಿತ್ರ ತೆಗೆಯಿರಿ, ಏಕೆಂದರೆ ಸಾವಿಗೆ ಕಾರಣವಾದ ಗುಂಡಿ ಮಾರನೆಯ ಬೆಳಿಗ್ಗೆಯೇ ಮುಚ್ಚಿಹೋಗುವುದುಂಟು. ಪೊಲೀಸರು ಮಹಜರು ಬರೆಯುವಾಗ ರಸ್ತೆಯ ಸ್ಥಿತಿಯನ್ನೂ ಅದರ ಅಳತೆಯನ್ನೂ ದಾಖಲಿಸಿರೆಂದು ಪಂಚರಾಗಿ ಸಹಿ ಹಾಕುವವರು ಕೇಳಬಹುದು. ಈಗ ಅಪಘಾತದ ವಿವರಗಳನ್ನು ತುಂಬುವ ಇ-ಡಾರ್ ವ್ಯವಸ್ಥೆಯಲ್ಲಿ ರಸ್ತೆಯ ಸ್ಥಿತಿಗೂ ಜಾಗವಿದೆ. ಚಿತ್ರದಲ್ಲಿ ಗುಂಡಿಯ ಪಕ್ಕ ನೀರಿನ ಬಾಟಲಿಯನ್ನೋ ಚಪ್ಪಲಿಯನ್ನೋ ಇಡಿ, ಆಳ ತಿಳಿಯುತ್ತದೆ. ಇನ್ನೊಂದು ಚಿತ್ರವನ್ನು ಹತ್ತು ಹೆಜ್ಜೆ ಹಿಂದೆ ಸರಿದು, ಕಿಲೋಮೀಟರ್ ಕಲ್ಲು ಇಲ್ಲವೇ ವಿದ್ಯುತ್ ಕಂಬದ ಸಂಖ್ಯೆ ಕಾಣುವಂತೆ ತೆಗೆಯಿರಿ.